ಗಿಡದ ಹತ್ತಿರ ಕೂತವಳಿಗೆ ಸೊನ್ನೆ

ಕೆಂಪು ಪೆನ್ನು ಹಿಡಿದರೆ ಮೇಡಂ ಸಾಕ್ಷಾತ್ ರಣಚಂಡಿ. ಮೌಲ್ಯಮಾಪನ ಕೇಂದ್ರದಲ್ಲಿ ಉಳಿದ ಮೇಷ್ಟ್ರುಗಳು ಟೀ ಕುಡಿಯುತ್ತ, ಊರ ಸುದ್ದಿ ಹೊಸೆಯುತ್ತ ಸಂಜೆಯವರೆಗೆ ಎಳೆಯುವ ಕೆಲಸವನ್ನು ಇವರು ಮಧ್ಯಾಹ್ನದೊಳಗೆ ಮುಗಿಸಿ, ನಲವತ್ತು ಉತ್ತರಪತ್ರಿಕೆಗಳ ಕಟ್ಟನ್ನು ಧರಾಶಾಯಿ ಮಾಡಿ ಕೈ ಕೊಡವುತ್ತಿದ್ದರು. ಅದರಲ್ಲೂ ‘ಸಣ್ಣಕತೆಗಳಲ್ಲಿ ಹೆಣ್ಣು ಮತ್ತು ಪ್ರಕೃತಿ’ ಎಂದರೆ ಅವರದೇ ಏಕಚಕ್ರಾಧಿಪತ್ಯ. ಆ ವಿಷಯದ ಪ್ರಬಂಧವೊಂದರಲ್ಲಿ, ದಿನಾ ಹಿತ್ತಲ ನಿಂಬೆ ಗಿಡದ ಹತ್ತಿರ ಕೂರುವ ಗಂಡನ ಅಕ್ಕನನ್ನೂ ಉದಾಹರಣೆಯಾಗಿ ತುರುಕಿ ಚಪ್ಪಾಳೆ ಗಿಟ್ಟಿಸಿದ್ದರು. ಮನೆಯಲ್ಲೇ ಇರುವ ಆ ಅತ್ತಿಗೆಯನ್ನು ಒಂದು ಮಾತು ಕೇಳಿರಲಿಲ್ಲ. ಪುರುಸೊತ್ತೆಲ್ಲಿ?

ಈ ಸಲ ಹತ್ತು ಅಂಕದ ಪ್ರಶ್ನೆ: ಕತೆಯ ನಾಯಕಿ ಮತ್ತೆ ಮತ್ತೆ ಗಿಡದ ಬಳಿಗೆ ಏಕೆ ಹೋಗುತ್ತಾಳೆ? ತಿದ್ದುವವರಿಗೆಲ್ಲ ಮಾದರಿ ಉತ್ತರ ಬರೆದುಕೊಟ್ಟವರೂ ಮೇಡಮ್ಮೇ: ಹೆಣ್ಣಿಗೂ ಪ್ರಕೃತಿಗೂ ಇರುವ ಕರುಳಿನ ನಂಟು, ಇಬ್ಬರ ಮೇಲೂ ನಡೆಯುವ ಒಂದೇ ದಬ್ಬಾಳಿಕೆ. ವಿದ್ಯಾರ್ಥಿಗಳೆಲ್ಲ ಗೈಡಿನಿಂದ ಅದನ್ನೇ ಉರು ಹೊಡೆದು ಬರೆದಿದ್ದರು. ಒಂದು ಪತ್ರಿಕೆಯಲ್ಲಿ ಮಾತ್ರ ಹೀಗಿತ್ತು: ‘ಅವಳಿಗೆ ಗಿಡದ ಮೇಲೆ ಪ್ರೀತಿ ಎಂದು ಕತೆಯಲ್ಲಿ ಎಲ್ಲೂ ಇಲ್ಲ. ಮನೆಯೊಳಗೆ ಸುಮ್ಮನೆ ಕೂರಲು ಅವಳಿಗೆ ಜಾಗವಿಲ್ಲ. ಅದಕ್ಕೆ ಹೋಗುತ್ತಾಳೆ.’ ಮೇಡಂ ಕಿಸಕ್ಕನೆ ನಕ್ಕು ದುಂಡನೆಯ ಸೊನ್ನೆ ಸುತ್ತಿದರು. ಒಟ್ಟು ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕು. ಕಟ್ಟಿಗೆ ಸೀಲು ಬಿತ್ತು.

ಸಂಜೆ ಮನೆಗೆ ಬಂದವರೇ “ಅತ್ತಿಗೆ, ಟೀ!” ಎಂದು ಕೂಗಿದರು. ಸದ್ದಿಲ್ಲ. ಹಿತ್ತಲಿಗೆ ಹೋದರೆ ಅತ್ತಿಗೆ ತಂಬಿಗೆ ಹಿಡಿದು ಕೂತಿದ್ದಾರೆ, ಗಿಡದ ಬುಡ ಕೆರೆಯಾಗಿದೆ.

“ಎಷ್ಟು ನೀರು ಹಾಕ್ತೀರಿ, ಬೇರು ಕೊಳೆಯುತ್ತೆ! ಅಷ್ಟೊಂದು ಪ್ರೀತಿನಾ ಇದರ ಮೇಲೆ?”

“ಪ್ರೀತಿಯಂತೆ ಪ್ರೀತಿ! ಮುಳ್ಳು ಚುಚ್ಚಿ ಕೈಯೆಲ್ಲ ಜರಡಿ ಆಗಿದೆ. ಒಳಗೆ ಕೂತ್ರೆ ಏನಾದರೊಂದು ಕೆಲಸ ಹೇಳ್ತಾರಮ್ಮ. ಇಲ್ಲಿ ತಂಬಿಗೆ ಹಿಡ್ಕೊಂಡಿದ್ರೆ, ಏನೋ ಮಾಡ್ತಿದಾಳೆ ಅಂತ ಬಿಟ್ಟುಬಿಡ್ತಾರೆ.”

“ಯಾರು ಹೇಳ್ತಾರೆ ನಿಮಗೆ ಅಷ್ಟು ಕೆಲಸ?”

ಅತ್ತಿಗೆ ಮೇಡಮ್ಮಿನ ಮುಖವನ್ನೊಮ್ಮೆ ನೋಡಿ, ಮಂಡಿ ಹಿಡಿದುಕೊಂಡು ಎದ್ದರು. “ಬಾ, ಟೀ ಮಾಡ್ತೀನಿ.”

“ನಾನೇ ಮಾಡ್ಕೋತೀನಿ, ಕೂತ್ಕೊಳ್ಳಿ” ಎಂದರು ರಣಚಂಡಿ. ಟೀಪುಡಿ ಯಾವ ಡಬ್ಬಿಯಲ್ಲಿದೆ ಎಂದು ಗೊತ್ತಿರಲಿಲ್ಲ. ಮೂರು ಡಬ್ಬಿ ತೆರೆದರು. ನಾಲ್ಕನೆಯದಕ್ಕೆ ಕೈ ಹಾಕುವಾಗ ಆ ಮೂವತ್ತೊಂದು ನೆನಪಾಗಿ ಕಿವಿ ಬಿಸಿಯಾಯಿತು.

ಮರುದಿನ ಎಲ್ಲರಿಗಿಂತ ಮೊದಲೇ ಮುಖ್ಯ ಪರೀಕ್ಷಕರ ಮೇಜಿನ ಮುಂದೆ ಹಾಜರು.

“ಸರ್, ನಿನ್ನೆಯ ಕಟ್ಟು ಬಿಚ್ಚಬೇಕು.”

“ಸೀಲಾಗಿದೆಯಲ್ಲ ಮೇಡಂ! ಯಾರು, ನೆಂಟರ ಪೈಕಿನಾ?”

“ಹೆಸರೂ ಗೊತ್ತಿಲ್ಲ. ಸರಿ ಉತ್ತರಕ್ಕೆ ಸೊನ್ನೆ ಕೊಟ್ಟಿದೀನಿ.”

ಅವರು ದಪ್ಪ ರಿಜಿಸ್ಟರು ತಳ್ಳಿದರು. “ತಪ್ಪು ಯಾರದು ಅಂತ ಬರೆದು ಸಹಿ ಹಾಕಿ. ನಿಮ್ಮಿಂದ ಇದೇ ಮೊದಲು!”

‘ನನ್ನದು’ ಎಂದು ಬರೆದು ಸಹಿ ಹಾಕಿದರು. ಕಟ್ಟು ಬಿಚ್ಚಿ, ಸೊನ್ನೆ ಹೊಡೆದುಹಾಕಿ ಒಂಬತ್ತು ಕೊಟ್ಟರು. ಒಟ್ಟು ನಲವತ್ತು. ಪಾಸು! ಗಂಗೆಯಲ್ಲಿ ಮುಳುಗಿ ಎದ್ದಂತೆ ಉಸಿರು ಬಿಡುತ್ತಿರುವಾಗ ಮುಖ್ಯ ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು.

“ಅಲ್ಲ ಮೇಡಂ, ಮಾದರಿ ಉತ್ತರ ನಿಮ್ಮದೇ ತಾನೇ? ಅದನ್ನೇ ನೋಡ್ಕೊಂಡು ಇಲ್ಲಿ ಇಪ್ಪತ್ತು ಜನ ತಿದ್ತಿದಾರೆ.”

ಮೇಡಂ ತಿರುಗಿದರು. ಮೇಷ್ಟ್ರುಗಳು ಬಂದು, ಕುರ್ಚಿ ಎಳೆದುಕೊಂಡು, ಇಂದು ಬೇಗ ಮನೆಗೆ ಹೋಗುವ ಲೆಕ್ಕಾಚಾರದಲ್ಲಿದ್ದರು.

“ಸ್ವಲ್ಪ ಇಲ್ಲಿ ಕೇಳಿ” ಎಂದರು ಮೇಡಂ. ಯಾರಿಗೂ ಕೇಳಿಸಲಿಲ್ಲ. ಮೇಡಂ ಗಂಟಲು ಸರಿಮಾಡಿಕೊಂಡು, ಈ ಸಲ ಜೋರಾಗಿ ಹೇಳಿದರು: “ಆ ಮಾದರಿ ಉತ್ತರ ತಪ್ಪು. ತಪ್ಪು ನನ್ನದು.”