ಎರಡು ಕೂಸುಗಳಿಗೆ ಹಾಲೂಡಿದ ಆ ಬೇಸಿಗೆ

ಅದು 1941ನೇ ಇಸವಿಯ ಬೇಸಿಗೆ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆಯುತ್ತಿತ್ತು. ಜಗಳೂರಿನಲ್ಲಿದ್ದ ನಮಗೆ ಅದು ಗೊತ್ತಾಗುತ್ತಿದ್ದುದು ಅಂಗಡಿಯಲ್ಲಿ ಸೀಮೆಎಣ್ಣೆ ಸಿಗದಿದ್ದಾಗ ಮಾತ್ರ. ನನಗಾಗ ಹತ್ತೊಂಬತ್ತು ವರ್ಷ. ನಮ್ಮ ಯಜಮಾನರು ಶಾಲೆಯಲ್ಲಿ ಮೇಷ್ಟ್ರು. ಹೊನ್ನಾಳಿಯಿಂದ ಅಲ್ಲಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಮೊದಲ ಮಗಳು ರೂತ್ ಆಗ ಮೂರು ತಿಂಗಳ ಕೂಸು. ಬಾಣಂತನ ಮಾಡಲೆಂದು ಬಂದ ನಮ್ಮತ್ತೆ ರಾಹೇಲಮ್ಮ ನಮ್ಮ ಜೊತೆಯಲ್ಲೇ ಉಳಿದುಕೊಂಡಿದ್ದರು.

ಅತ್ತೆ ಬೆಳಗಿನ ಜಾವ ಎದ್ದು ಬೀಸುಕಲ್ಲಿನ ಮುಂದೆ ಕೂತು ಕೀರ್ತನೆ ಗುನುಗುತ್ತಾ ಜೋಳ ಬೀಸುತ್ತಿದ್ದರು. "ಪರಿಶುದ್ಧವಾಗಿ ಬಾಳ್ಬೇಕು ಮಾರ್ಥಾ, ಅದೇ ದೊಡ್ಡದು" ಎಂದು ಆಗಾಗ ಅನ್ನುತ್ತಿದ್ದರು. ನನಗೆ ಅದೇನೂ ಹೊಸ ಮಾತಲ್ಲ. ಚನ್ನಗಿರಿಯ ನನ್ನ ತವರಿನಲ್ಲಿ ಭಾನುವಾರ ಸೂಜಿ ಸಹ ಮುಟ್ಟುತ್ತಿರಲಿಲ್ಲ. ಬಯಲಾಟಕ್ಕೆ ಹೋಗುತ್ತಿರಲಿಲ್ಲ, ಕೆಟ್ಟ ಮಾತು ಆಡುತ್ತಿರಲಿಲ್ಲ. ಪರಿಶುದ್ಧ ಜೀವನ ಎಂದರೆ ಅಷ್ಟೇ, ಅದು ನನಗೆ ಆಗಲೇ ಬಂದುಬಿಟ್ಟಿದೆ ಎಂದುಕೊಂಡಿದ್ದೆ.

ಜಗಳೂರಿನಲ್ಲಿ ನೀರಿನದೇ ಪಾಡು. ಪಕ್ಕದ ಮನೆಯ ಸಾಹುಕಾರ ರುದ್ರಪ್ಪನವರ ಹಿತ್ತಲಲ್ಲಿ ಒಂದು ಸಿಹಿನೀರಿನ ಬಾವಿ ಇತ್ತು. ಹೋದ ಹೊಸದರಲ್ಲಿ ಕೊಡ ಹಿಡಿದು ಹೋದೆ. ರುದ್ರಪ್ಪನವರ ತಾಯಿ ಗೌರಮ್ಮ ಬಾಗಿಲಲ್ಲೇ ತಡೆದರು.

"ನೀವು ಕಿರಿಸ್ತಾನರಂತೆ. ನಮ್ಮ ಬಾವಿ ಹಗ್ಗ ಮುಟ್ಟಬ್ಯಾಡ್ರಿ."

ಬರಿಗೊಡ ಹೊತ್ತುಕೊಂಡು ಅಳುತ್ತಾ ಬಂದೆ. ಅಂದಿನಿಂದ ಊರಾಚೆಯ ಬಾವಿಯೇ ಗತಿಯಾಯಿತು. ಎದುರುಮನೆಯ ಖೈರುನ್ಬಿ ನನಗೆ ಜೊತೆ. ಆಕೆಯ ಗಂಡ ಹತ್ತಿ ಹಿಂಜಿ ಹಾಸಿಗೆ ಮಾಡುವವರು. ಅವರಿಗೂ, ಹಿಂದಿನ ಕೇರಿಯವರಿಗೂ ಆ ಸಿಹಿನೀರಿನ ಬಾವಿ ಇರಲಿಲ್ಲ.

ಯುಗಾದಿ ಕಳೆದ ಮೇಲೆ ರುದ್ರಪ್ಪನವರ ಹೆಂಡತಿ ನೀಲಮ್ಮ ಗಂಡುಮಗು ಹೆತ್ತರು. ಓಣಿಗೆಲ್ಲ ಸಕ್ಕರೆ ಹಂಚಿದರು. ಆದರೆ ವಾರ ಕಳೆಯುವಷ್ಟರಲ್ಲಿ ಬಾಣಂತಿಗೆ ಜ್ವರ ಏರಿ ಸನ್ನಿಯಾಯಿತು. ಯಾರು ಎದುರಿಗೆ ಬಂದರೂ ಗುರುತು ಹಿಡಿಯುತ್ತಿರಲಿಲ್ಲ. ಎದೆಹಾಲು ಬತ್ತಿಹೋಯಿತು. ಹಸುವಿನ ಹಾಲು ಕೊಟ್ಟರೆ ಕೂಸು ಕಕ್ಕುತ್ತಿತ್ತು, ಆಡಿನ ಹಾಲು ಕೊಟ್ಟರೆ ಭೇದಿ. ಅದರ ಅಳು ಗೋಡೆಯಾಚೆಯಿಂದ ನಮಗೆ ಕೇಳಿಸುತ್ತಿತ್ತು. ಅದು ಅತ್ತಾಗಲೆಲ್ಲ ನನ್ನ ಎದೆಯಿಂದ ಹಾಲು ಸುರಿದು ಕುಪ್ಪಸ ನೆನೆಯುತ್ತಿತ್ತು. ನನ್ನ ಮನಸ್ಸಿನಲ್ಲಿ ಗೌರಮ್ಮನವರ ಮೇಲೆ ಸಿಟ್ಟಿತ್ತು, ಮೈಗೆ ಅದು ತಿಳಿಯುತ್ತಿರಲಿಲ್ಲ. ಬರಬರುತ್ತಾ ಆ ಅಳು ಬೆಕ್ಕಿನ ಮರಿಯ ದನಿಯಷ್ಟಾಯಿತು. ಆಮೇಲೆ ಅದೂ ಕೇಳಿಸದಾದಾಗ ನಮ್ಮತ್ತೆ ಬೀಸುವುದನ್ನು ನಿಲ್ಲಿಸಿ ಸುಮ್ಮನೆ ಕೂತುಬಿಟ್ಟರು.

"ನಾನೇ ಹೋಗಿ ಹೇಳೀನಿ," ಎಂದಳು ಖೈರುನ್ಬಿ. "ಮೇಷ್ಟ್ರ ಮನ್ಯಾಗೆ ಹಾಲು ಐತೆ, ಕೇಳಿ ನೋಡ್ರಿ ಅಂದೆ. ಅಜ್ಜಿ ಮಾತೇ ಆಡ್ಲಿಲ್ಲ."

ಮರುದಿನ ನಡುಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಯಾರೋ ನಿಂತಂತಾಯಿತು. ನೋಡಿದರೆ ಗೌರಮ್ಮ. ತಲೆ ತುಂಬ ಸೆರಗು, ತೋಳಿನಲ್ಲಿ ಹಳೆ ಸೀರೆಯಲ್ಲಿ ಸುತ್ತಿದ ಕೂಸು. ಕಾಲಿಗೆ ಚಪ್ಪಲಿಯೂ ಇರಲಿಲ್ಲ. ಬಾಯಿ ತೆರೆದರು, ಮಾತು ಹೊರಡಲಿಲ್ಲ. ನಾನು ಒಳಗೇ ನಿಂತಿದ್ದೆ. ಹಾಲು ಕೊಡಿ ಎಂಬ ಮಾತು ಅವರ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದೆನೇನೋ.

ಅತ್ತೆ ಕಾಯಲಿಲ್ಲ. "ಬಿಸಿಲಾಗೆ ಯಾಕ್ ನಿಂತೀರಿ, ಒಳಗೆ ಬರ್ರಿ" ಎನ್ನುತ್ತಾ ಹೋಗಿ ಕೂಸನ್ನು ಎತ್ತಿಕೊಂಡರು. ನನ್ನ ಕಡೆ ತಿರುಗಿ, "ಮಾರ್ಥಾ, ಗೋಡೆಗೆ ಒರಗಿ ಕೂತ್ಕೊ" ಎಂದರು. ಅಷ್ಟೇ. ಇಡೀ ಜಗತ್ತಿನಲ್ಲಿ ಅದಕ್ಕಿಂತ ಸಹಜವಾದ ಕೆಲಸ ಇನ್ನೊಂದಿಲ್ಲ ಎಂಬಂತೆ.

ಕೂಸಿಗೆ ಎದೆ ಚೀಪುವಷ್ಟೂ ಶಕ್ತಿ ಇರಲಿಲ್ಲ. ಖೈರುನ್ಬಿ ಓಡಿಹೋಗಿ ಹೊಸದಾಗಿ ಹಿಂಜಿದ ಹತ್ತಿ ತಂದಳು. ನಾನು ಬಟ್ಟಲಿಗೆ ಹಾಲು ಹಿಂಡಿಕೊಟ್ಟೆ. ಅತ್ತೆ ಹತ್ತಿಯನ್ನು ಅದರಲ್ಲಿ ಅದ್ದಿ ಅದ್ದಿ ಆ ಒಣಗಿದ ತುಟಿಗೆ ಇಟ್ಟರು. ಹನಿ ಹನಿಯಾಗಿ ಇಳಿಯಿತು. ಕಕ್ಕಲಿಲ್ಲ. ಗೌರಮ್ಮ ಮೂಲೆಯಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹೊತ್ತು ಇಳಿಯುವ ವೇಳೆಗೆ ಕೂಸು ತಾನಾಗಿಯೇ ಬಾಯಿ ಹಾಕಿ ಚೀಪತೊಡಗಿದಾಗ ಆ ಹೆಂಗಸು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು.

ಅವರು ಹೋದ ಮೇಲೆ ಅತ್ತೆಯನ್ನು ಕೇಳಿದೆ. "ಒಂದು ಮಾತು ಬಾಯಿಬಿಟ್ಟು ಕೇಳಲಿಲ್ಲವಲ್ಲ ಅತ್ತೆ?"

"ಆಯಮ್ಮ ಬಾಗಿಲಿಗೆ ಬಂದಿದ್ದೇ ಕೇಳಿದಂಗೆ. ಮನೆಗೆ ಬಂದೋರನ್ನ ಬೇಡಿಸಿ ಕೊಟ್ರೆ ಅದೇನ್ ಕೊಟ್ಟಂಗೆ?" ಎಂದರು.

ಅಂದಿನಿಂದ ದಿನಾ ಕೂಸು ನಮ್ಮ ಮನೆಗೆ ಬರುತ್ತಿತ್ತು. ಅದರ ಕೊರಳಲ್ಲಿ ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಪುಟ್ಟ ಲಿಂಗವಿತ್ತು. ಹಾಲು ಕುಡಿಸುವಾಗ ಅದು ನನ್ನ ಎದೆಗೆ ಒತ್ತುತ್ತಿತ್ತು. ಅತ್ತೆ ಕೈ ತೊಳೆದು ಬಂದು ಅದನ್ನು ಮೆಲ್ಲಗೆ ಕೂಸಿನ ಬೆನ್ನಿಗೆ ಸರಿಸುತ್ತಿದ್ದರು. ಕುಡಿದಾದ ಮೇಲೆ ಮತ್ತೆ ಮುಂದಕ್ಕೆ ತಂದು ಸರಿಮಾಡಿ ಕೊಡುತ್ತಿದ್ದರು. ಕೂಸು ಮನೆಗೆ ಹೋದ ಕೂಡಲೇ ಅಲ್ಲಿ ಅದಕ್ಕೆ ಸ್ನಾನ ಮಾಡಿಸುತ್ತಾರೆಂದು ತಿಳಿದಾಗ ನನಗೆ ಮೈಯೆಲ್ಲ ಉರಿಯಿತು.

"ಹಾಲು ಹೊಟ್ಟೆಯೊಳಗೆ ಹೋದ ಮೇಲೆ ಮೈ ತೊಳೆದರೆ ಏನು ಬಂತು?" ಎಂದೆ.

ಅತ್ತೆ ನಕ್ಕುಬಿಟ್ಟರು. "ತೊಳೀಲಿ ಬಿಡು. ಬಿಸಿನೀರು ಬಿದ್ರೆ ಕೂಸು ಚೆಂದಾಗಿ ನಿದ್ದೆ ಮಾಡ್ತೈತೆ."

ಅಪರೂಪಕ್ಕೊಮ್ಮೆ ನಮ್ಮ ಮನೆಗೆ ಪ್ರಾರ್ಥನೆ ನಡೆಸಲು ಬರುತ್ತಿದ್ದ ಉಪದೇಶಿಗಳು ಅದೇ ಸಮಯದಲ್ಲಿ ಬಂದರು. ಒಳ್ಳೆಯ ಮನುಷ್ಯರು. ವಿಷಯ ಕೇಳಿ ಸಂತೋಷಪಟ್ಟರು. ಆಮೇಲೆ ಸ್ವಲ್ಪ ಯೋಚಿಸಿ, "ಆ ಕೊರಳಿನದನ್ನ ತೆಗೆದಿಟ್ಟು, ನಮ್ಮ ಸ್ವಾಮಿಯ ಹೆಸರಲ್ಲಿ ಪ್ರಾರ್ಥನೆ ಮಾಡಿ ಹಾಲು ಕೊಡಬಹುದಲ್ಲಮ್ಮಾ? ಆ ಮನೆಯವರಿಗೂ ಬೆಳಕು ಕಂಡೀತು" ಎಂದರು.

ಅತ್ತೆ ತಲೆ ತಗ್ಗಿಸಿಕೊಂಡೇ ಉತ್ತರ ಕೊಟ್ಟರು. "ಪ್ರಾರ್ಥನೆ ನಾನು ದಿನಾ ಮಾಡ್ತೀನಿ ಅಯ್ನೋರೇ, ನನ್ನ ಮನಸ್ಸಿನಾಗೆ. ಆದ್ರೆ ಅದನ್ನ ಕಟ್ಟಿದೋರು ನಮ್ಮನ್ನ ನಂಬಿ ಕೂಸು ಕಳಿಸ್ಯಾರೆ. ಅವರಿಲ್ಲದಾಗ ಅದನ್ನ ಬಿಚ್ಚಾಕೆ ನನ್ನ ಕೈ ಬರಾಕಿಲ್ಲ."

ಉಪದೇಶಿಗಳು ಹೊರಡುವಾಗ ಆ ಕೂಸಿನ ತಲೆಯನ್ನು ಒಮ್ಮೆ ಸವರಿ ಹೋದರು.

ಎರಡು ಕೂಸುಗಳಿಗೆ ಹಾಲು ಸಾಲುತ್ತಿರಲಿಲ್ಲ. ರೂತ್ ರಚ್ಚೆ ಹಿಡಿಯುತ್ತಿದ್ದಳು. ಅವಳ ಕೆನ್ನೆ ಇಳಿಯುತ್ತಿದೆ ಎಂದು ಒಂದು ಸಂಜೆ ನಮ್ಮ ಯಜಮಾನರು ಮುಖ ಸಣ್ಣ ಮಾಡಿಕೊಂಡರು. ನನಗೂ ಭಯವಾಯಿತು. ಯಾರದೋ ಮಗುವನ್ನು ಉಳಿಸಲು ಹೋಗಿ ನನ್ನ ಮಗುವನ್ನು ಕಳೆದುಕೊಂಡರೆ ಎಂದು ಅತ್ತೆಯ ಮುಂದೆ ಕಣ್ಣೀರು ಹಾಕಿದೆ. ಅವರು ನನ್ನನ್ನು ಬಯ್ಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ನಿನ್ನ ಹೆದರಿಕೆ ದಿಟವಾದದ್ದೇ ಮಗಾ" ಎಂದು ಪಕ್ಕದಲ್ಲಿ ಕೂತರು. ಮಾರನೆಯ ದಿನದಿಂದ ನನಗೆ ಮೆಂತ್ಯದ ಗಂಜಿ ಮಾಡಿ ಕುಡಿಸಿದರು. ತಮ್ಮ ಪಾಲಿನ ಬೆಲ್ಲವನ್ನೂ ನನ್ನ ಬಟ್ಟಲಿಗೇ ಹಾಕಿದರು. ಗೌರಮ್ಮ ಇದನ್ನು ಹೇಗೋ ತಿಳಿದು ತುಪ್ಪ, ಬೆಳ್ಳುಳ್ಳಿ ಕಳಿಸಿದರು. ಬೇಡವೆನ್ನಲು ಹೋದ ನನ್ನನ್ನು ಅತ್ತೆ ತಡೆದರು. "ತಗೋ. ಅವರಿಗೂ ಏನಾರ ಕೊಟ್ಟಂಗೆ ಆಗ್ಬೇಕಲ್ಲ." ನಿಧಾನವಾಗಿ ಹಾಲು ಹೆಚ್ಚಿತು. ಎರಡು ಕೂಸುಗಳೂ ಮೈ ತುಂಬಿಕೊಂಡವು.

ಒಂದು ದಿನ ಗೌರಮ್ಮ ತಾವಾಗಿಯೇ ಬಂದು ಹೇಳಿದರು. "ಇನ್ನು ಮ್ಯಾಲೆ ನೀವು ನಮ್ಮ ಬಾವಿಗೇ ಬರ್ರಿ ರಾಹೇಲವ್ವ. ಯಾರೂ ಏನೂ ಅನ್ನಾಕಿಲ್ಲ."

ನನಗೆ ಕುಣಿಯುವಷ್ಟು ಖುಷಿಯಾಯಿತು. ಅತ್ತೆ ಕೈ ಜೋಡಿಸಿದರು. "ದೊಡ್ಡ ಮಾತು ಅಂದ್ರಿ. ಖೈರುನ್ಬಿನೂ ಬರಬಹುದೇನ್ರವ್ವಾ? ಹಿಂದಿನ ಕೇರಿಯೋರೂ?"

ಗೌರಮ್ಮನವರ ಮುಖ ಬಾಡಿತು. "ಅದೆಂಗೆ ಆಗ್ತೈತೆ? ನಮ್ಮೋರು ಒಪ್ಪಾಕಿಲ್ಲ."

"ಹಂಗಾದ್ರೆ ನಾವೂ ಅವರ ಜೊತೆಗೇ ಹೋಗಿ ಬರ್ತೀವಿ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ. ಕೂಸನ್ನ ಮಾತ್ರ ತಪ್ಪಿಸಬ್ಯಾಡ್ರಿ, ಕಳಿಸ್ರಿ."

ಅವತ್ತು ನನಗೆ ಅತ್ತೆಯ ಮೇಲೆ ನಿಜಕ್ಕೂ ಕೋಪ ಬಂತು. ಆ ಬಿಸಿಲಿನಲ್ಲಿ ಊರಾಚೆಯಿಂದ ನೀರು ಹೊರುವವಳು ನಾನು. ಆದರೆ ಆ ಸಂಜೆ ದೊಡ್ಡ ಕೊಡವನ್ನು ಅತ್ತೆಯೇ ತಮ್ಮ ಸೊಂಟಕ್ಕೆ ಏರಿಸಿಕೊಂಡು ಹೊರಟರು. ಅವರಿಗೆ ಮಂಡಿನೋವು. ಖೈರುನ್ಬಿಯ ಜೊತೆ ಏನೋ ಮಾತಾಡುತ್ತಾ, ನಗುತ್ತಾ, ಕುಂಟುತ್ತಾ ಹೋಗುತ್ತಿದ್ದರು. ಹಿಂದೆ ನಾನು. ಅವರ ಬೆನ್ನು ನೋಡುತ್ತಾ ನಡೆಯುವಾಗ ನನ್ನ ಕೋಪ ಯಾವಾಗ ಇಳಿಯಿತೋ ಗೊತ್ತಿಲ್ಲ. ಪರಿಶುದ್ಧ ಜೀವನ ನನಗೆ ಬಂದುಬಿಟ್ಟಿದೆ ಎಂಬ ನಂಬಿಕೆಯೂ ಆ ದಾರಿಯಲ್ಲೇ ಎಲ್ಲೋ ಉದುರಿಹೋಯಿತು.

ಮಳೆಗಾಲದ ಹೊತ್ತಿಗೆ ನೀಲಮ್ಮ ಚೇತರಿಸಿಕೊಂಡರು. ಒಂದು ಬೆಳಿಗ್ಗೆ ತಾವೇ ಮಗನನ್ನು ಎತ್ತಿಕೊಂಡು ಬಂದರು. ಜ್ವರದಲ್ಲಿ ಕೂದಲೆಲ್ಲ ಉದುರಿ ಹೋಗಿತ್ತು. "ಅಕ್ಕಾ, ಕೂಸು ಸತ್ತೈತೆ ಅಂತ್ಲೇ ತಿಳಿದಿದ್ದೆ" ಎಂದವರು ಮುಂದೆ ಮಾತಾಡಲಾರದೆ, ನೆಲದ ಮೇಲೆ ಆಡುತ್ತಿದ್ದ ರೂತಳನ್ನು ಎತ್ತಿ ತಮ್ಮ ಮಡಿಲಲ್ಲಿ ಕೂರಿಸಿಕೊಂಡರು. ಜೊತೆಗೆ ಬಂದಿದ್ದ ಗೌರಮ್ಮ ಅಡ್ಡಿ ಮಾಡಲಿಲ್ಲ. ಕೂಸಿಗೆ ಆಗ ರಾಗಿ ಸರಿ ಒಗ್ಗಿತ್ತು. ಮರುದಿನದಿಂದ ಅದು ಹಾಲಿಗೆ ಬರಲಿಲ್ಲ. ಬಹಳ ದಿನ ನನ್ನ ತೋಳು ಖಾಲಿ ಖಾಲಿ ಎನಿಸುತ್ತಿತ್ತು.

ಮುಂದಿನ ವರ್ಷ ನಮಗೆ ನ್ಯಾಮತಿಗೆ ವರ್ಗವಾಯಿತು. ಹೊರಡುವ ದಿನ ನೀಲಮ್ಮ ಬಸ್ಸಿನ ತನಕ ಬಂದು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಮತ್ತೆ ನಾವು ಅವರನ್ನು ನೋಡಲಿಲ್ಲ.

ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಮಳೆಗಾಲದಲ್ಲಿ ಅತ್ತೆ ನ್ಯಾಮತಿಯಲ್ಲಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಕಾಲು ಒತ್ತುತ್ತಾ ಕೇಳಿದೆ. "ಅತ್ತೆ, ಜಗಳೂರಿನ ಆ ಬೇಸಿಗೆ ಜ್ಞಾಪಕ ಇದೆಯಾ? ಆ ಕೂಸು, ಆ ಬಾವಿ?"

"ಯಾವ ಬಾವಿ?" ಎಂದರು ಅತ್ತೆ. ನಾನು ಎಲ್ಲವನ್ನೂ ಹೇಳಿದೆ. ಹಗ್ಗ ಮುಟ್ಟಬೇಡಿ ಎಂದದ್ದು, ಕೂಸಿಗೆ ಸ್ನಾನ ಮಾಡಿಸುತ್ತಿದ್ದುದು, ಉಪದೇಶಿಗಳಿಗೆ ಅವರೇ ಕೊಟ್ಟ ಉತ್ತರ. ಯಾರದೋ ಕಥೆ ಕೇಳಿದಂತೆ ಕೇಳಿಸಿಕೊಂಡರು. ಆಮೇಲೆ ಅವರ ಮುಖ ಅರಳಿತು.

"ಹೂಂ, ಬಸ್ಸಿನಾಗೆ ತಿನ್ನಾಕೆ ರೊಟ್ಟಿ ಕಟ್ಟಿಕೊಟ್ಟಿದ್ರಲ್ಲ, ಅವರೇನಾ? ಎಷ್ಟು ಒಳ್ಳೇ ಜನ ಮಾರ್ಥಾ ಅವರು!"

ಅವರಿಗೆ ನೆನಪಿದ್ದದ್ದು ಅದೊಂದೇ. ನನಗೂ ಈಗ ಅವರ ವಯಸ್ಸು ದಾಟಿದೆ. ಯಾರಿಗಾದರೂ ಚೂರು ಉಪಕಾರ ಮಾಡಿದರೆ ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಯಾರಾದರೂ ಒಂದು ಮಾತು ಅಂದರೆ ಅದನ್ನೂ ಇಟ್ಟುಕೊಳ್ಳುತ್ತೇನೆ. ಆಗೆಲ್ಲ ಅತ್ತೆಯ ಆ ಅರಳಿದ ಮುಖ ಕಣ್ಣಮುಂದೆ ಬರುತ್ತದೆ. ಅವರಂತೆ ಕೊಡುವುದನ್ನು ಅಷ್ಟಿಷ್ಟು ಕಲಿತಿದ್ದೇನೆ. ಅವರಂತೆ ಮರೆಯುವುದನ್ನು ಮಾತ್ರ ಇನ್ನೂ ಕಲಿಯುತ್ತಲೇ ಇದ್ದೇನೆ.