ಆಡು ಮುಟ್ಟದ ಸೊಪ್ಪು

ಐದನೆಯ ಇಯತ್ತೆ ಮುಗಿಯುವ ಮೊದಲೇ ಪಾಟಿ ಬಿಟ್ಟು ಗೌಂಡಿಯ ಕರಣಿ ಹಿಡಿದವನು ನಾನು. ಹಾವೇರಿಯಲ್ಲಿ, ರಾಣೇಬೆನ್ನೂರಿನಲ್ಲಿ ನಾನು ಕಟ್ಟಿದ ಗೋಡೆಗಳು ಇವತ್ತಿಗೂ ನೆಟ್ಟಗೆ ನಿಂತಿವೆ. ಬೇಕಾದವರು ಹೋಗಿ ತೂಗುಗುಂಡು ಬಿಟ್ಟು ನೋಡಬಹುದು. ಗೋಡೆ ಸೊಟ್ಟಗಿದೆಯೇನೋ ಎಂದು ಅನುಮಾನ ಬಂದರೆ ಓದಿದ ಇಂಜಿನಿಯರುಗಳೂ ಮೊದಲು ನನ್ನ ಮುಖ ನೋಡುತ್ತಾರೆ. ಅಷ್ಟು ಕಣ್ಣಿದ್ದವನಿಗೆ ತನ್ನದೇ ಕಂಪೌಂಡಿನೊಳಗೆ ಏನು ಬೆಳೆದು ನಿಂತಿದೆ ಎಂಬುದು ನಾಲ್ಕು ವರ್ಷ ಕಾಣಲಿಲ್ಲ.

ಕರ್ಜಗಿಯಲ್ಲಿ ನನ್ನ ಸ್ವಂತ ಮನೆ ಎದ್ದಾಗ ಅಂಗಳ ಬೋಳು ಬೋಳಾಗಿತ್ತು. ಹೆಂಡತಿ ದಾಸವಾಳ ಹಚ್ಚಿದಳು, ಓಣಿಯ ಆಡುಗಳು ತಿಂದವು. ಮಲ್ಲಿಗೆ ಹಚ್ಚಿದಳು, ಅದನ್ನೂ ತಿಂದವು. ಗುಲಾಬಿಯನ್ನು ಮುಳ್ಳು ಸಮೇತ ತಿಂದವು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಮ್ಮ ಓಣಿಯವು ಸಿಮೆಂಟಿನ ಖಾಲಿ ಚೀಲವನ್ನೂ ಬಿಟ್ಟವಲ್ಲ.

ಆಗ ರಾಣೇಬೆನ್ನೂರಿನಲ್ಲಿ ನನ್ನದೊಂದು ಕೆಲಸ ನಡೆದಿತ್ತು. ದಿನಾ ಬೈಕಿನಲ್ಲಿ ಹೆದ್ದಾರಿ ಹಿಡಿದು ಹೋಗುವಾಗ ರಸ್ತೆಯ ನಡುಪಟ್ಟಿಯಲ್ಲಿ ಕಣಗಲದ ಸಾಲು. ಲಾರಿಯ ಹೊಗೆ, ಸುಡುವ ಬಿಸಿಲು, ಹನಿ ನೀರಿಲ್ಲ. ಆದರೂ ಕೆಂಪು, ಬಿಳಿ, ಗುಲಾಬಿ ಹೂಗಳ ತೇರು. ಇದು ನನ್ನಂಥ ಗಿಡ, ಯಾರ ಹಂಗೂ ಇಲ್ಲದೆ ಬೆಳೆಯುತ್ತದೆ ಅನ್ನಿಸಿತು. ಗಿಡ ಕತ್ತರಿಸುತ್ತಿದ್ದವನನ್ನು ಕೇಳಿ ಒಂದು ಹೊರೆ ಟೊಂಗೆ ಬೈಕಿಗೆ ಕಟ್ಟಿಕೊಂಡು ಬಂದು ಕಂಪೌಂಡಿನ ಉದ್ದಕ್ಕೂ ನೆಟ್ಟೆ. ಆಡುಗಳು ಬಂದವು, ಮೂಸಿದವು, ತಮ್ಮೊಳಗೆ ಏನೋ ಮಾತಾಡಿಕೊಂಡಂತೆ ಹೊರಳಿ ಹೋದವು. ನಾನು ಗೆದ್ದೆ ಅಂದುಕೊಂಡೆ. ಸಿಮೆಂಟಿನ ಚೀಲ ತಿನ್ನುವ ಪ್ರಾಣಿ ಇದನ್ನು ಯಾಕೆ ಬಿಟ್ಟಿತು ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಕೇಳಿದವಳು ನನ್ನ ಹೆಂಡತಿ. ಅವಳ ತವರು ಬ್ಯಾಡಗಿ.

"ದನ ಕಟ್ಟೋ ಮನ್ಯಾಗ ಕಣಗಲ ಹಚ್ಚಬಾರದು ಅಂತ ನಮ್ಮವ್ವ ಹೇಳ್ತಿದ್ಲು. ಅದು ಇಸ ಐತಂತ್ರಿ."

"ನಿಮ್ಮವ್ವ ಹೆದ್ದಾರಿ ನೋಡ್ಯಾಳೇನು? ಸರಕಾರ ಹಚ್ಚಿದ ಗಿಡ ಅದು. ಇಸ ಇದ್ರ ಸರಕಾರ ಹಚ್ತಿತ್ತೇನು?"

"ಸರಕಾರ ರಸ್ತೇದ ನಡಬರಕ ಹಚ್ಚೇತಿ. ಅಲ್ಲಿ ಎತ್ತು ಕಟ್ಟಿಲ್ಲ."

ನಾನು ಕೇಳಿಸದವನಂತೆ ಹೊರಗೆ ಹೋದೆ. ಗೆದ್ದ ಮಾತಿಗೆ ಉತ್ತರ ಕೊಡಬಾರದು ಎಂಬುದು ನನ್ನ ಹಳೆಯ ನಿಯಮ. ಅವತ್ತು ಗೆದ್ದವಳು ಅವಳೇ ಎಂಬುದು ಬೇರೆ ವಿಷಯ.

ನಮ್ಮಲ್ಲಿ ಕಟ್ಟಿದ್ದು ಎತ್ತಲ್ಲ, ಹೋರಿ. ನಮ್ಮ ಕಡೆ ದೀಪಾವಳಿ ಪಾಡ್ಯದ ದಿನ ಹೋರಿ ಹಬ್ಬ ಶುರು. ಹೋರಿಗೆ ಒಣಕೊಬ್ಬರಿಯ ಸರ ಕಟ್ಟಿ, ಬಲೂನು ಬಿಗಿದು, ಪಟಾಕಿಯ ಸದ್ದಿನಲ್ಲಿ ಜನರ ನಡುವೆ ಓಡಲು ಬಿಡುತ್ತಾರೆ. ಗಟ್ಟಿಗರು ಅದನ್ನು ಹಿಡಿದು ಕೊಬ್ಬರಿ ಹರಿದುಕೊಳ್ಳಬೇಕು. ಯಾರ ಕೈಗೂ ಸಿಗದೆ ದಾಟಿದ ಹೋರಿಗಿಂತ ಅದರ ಯಜಮಾನನ ಎದೆಯೇ ಹೆಚ್ಚು ಉಬ್ಬಿರುತ್ತದೆ. ನನ್ನ ಹೋರಿ ಮೂರು ವರ್ಷ ಯಾರಿಗೂ ಸಿಕ್ಕಿರಲಿಲ್ಲ. ಕರುವಾಗಿದ್ದಾಗಿನಿಂದ ಹುರುಳಿ, ಹತ್ತಿಕಾಳು ನಾನೇ ಕೈಯಾರೆ ತಿನ್ನಿಸಿದ್ದೆ. ನಾಲ್ಕನೆಯ ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರ್ ಕೂಡ ಕಟ್ಟಿಸಿದ್ದೆ: "ಸಿಡಿಲಿಗೂ ಬೆದರದ ಹೋರಿ." ಮೇಲೆ ಅದರ ಫೋಟೊ ದೊಡ್ಡದು, ಕೆಳಗೆ ನನ್ನದು ಸಣ್ಣದು.

ಕೊಬ್ಬರಿ ಸರದ ಮೇಲೆ ಒಂದು ಹೂವಿನ ಹಾರವೂ ಇರಲಿ, ಅದೂ ನನ್ನ ಅಂಗಳದ್ದೇ ಇರಲಿ ಎಂಬ ಹುಕಿ ಬಂತು. ಅಮಾವಾಸ್ಯೆಯ ಬೆಳಿಗ್ಗೆಯೇ ಕಣಗಲದ ಹೂ, ಎಲೆ ಕೂಡಿಸಿ ತೋಳಿನಷ್ಟು ದಪ್ಪ ಹಾರ ಕಟ್ಟಿದೆ.

"ಬ್ಯಾಡ್ರಿ, ಚೆಂಡು ಹೂ ತರೂಣು," ಎಂದಳು ಹೆಂಡತಿ.

ನಾನು ಒಂದು ಹಸಿ ಟೊಂಗೆ ಒಯ್ದು ಹೋರಿಯ ಮೂತಿಗೆ ಹಿಡಿದೆ. ಅದು ಫೂ ಎಂದು ಉಸಿರುಬಿಟ್ಟು ಮುಖ ಅತ್ತ ತಿರುಗಿಸಿತು.

"ನೋಡಿದೇನು? ಇದು ತಿನ್ನಂಗಿಲ್ಲ. ಹೋರಿಗೆ ತಿಳೀತತಿ."

"ಹೋರಿಗೆ ತಿಳೀತತ್ರಿ. ನಿಮಗ ತಿಳೀವಲ್ದು."

ಹಾರವನ್ನು ಕೊಟ್ಟಿಗೆಯ ಗೋಡೆಯ ಗೂಟಕ್ಕೆ ಹಾಕಿದೆ. ದಿನವಿಡೀ ಬಿಸಿಲು ಬಿದ್ದು ಅದು ಬಾಡಿತು. ಸಂಜೆ ನೀರು ಚಿಮುಕಿಸಿ ಮಲಗಿದೆ.

ಪಾಡ್ಯದ ದಿನ ಬೆಳಗಾಗಿ ನೋಡಿದರೆ ಗೂಟದಲ್ಲಿ ಅರ್ಧ ಹಾರ ಮಾತ್ರ ಇತ್ತು. ಉಳಿದರ್ಧದ ಜಾಗದಲ್ಲಿ ಬರೀ ದಾರ ಜೋತಾಡುತ್ತಿತ್ತು. ಆಡು ತಿಂದಿರಬೇಕು ಅಂದುಕೊಳ್ಳಲು ಹೋದೆ. ಆದರೆ ಆಡು ಅದನ್ನು ಮುಟ್ಟುವುದಿಲ್ಲವೆಂದು ಊರಿಗೆಲ್ಲ ಸಾರಿದವನು ನಾನೇ. ಹೋರಿಯ ಕಡೆ ನೋಡಿದೆ. ಅದರ ಕೆಳತುಟಿಗೆ ಒಂದು ಗುಲಾಬಿ ಎಸಳು ಅಂಟಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು.

ಹೆಂಡತಿ ಬಂದು ದಾರ ನೋಡಿದಳು, ಹೋರಿ ನೋಡಿದಳು, ಫೋನು ತಂದು ನನ್ನ ಕೈಗಿಟ್ಟಳು.

ಫೋನು ಮಾಡಿದರೆ ದನದ ಡಾಕ್ಟರ್ ಹಬ್ಬದ ದಿನವೂ ಹಾವೇರಿಯಿಂದ ಸ್ಕೂಟರ್ ಹತ್ತಿ ಬಂದರು. ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಹೋರಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕಿವಿಗೊಟ್ಟು ಕೇಳಿದರು.

"ಹಸಿ ಟೊಂಗೆ ತಿನ್ನಂಗಿಲ್ರಿ ಮೇಡಂ ಇದು. ನಾನ ನೋಡೇನಿ," ಎಂದೆ.

"ಹಸಿದು ಕಹಿ ಇರ್ತತ್ರಿ, ಅದಕ್ಕ ಬಿಡ್ತಾವ. ಬಾಡಿದ್ರ ಕಹಿ ಕಡಿಮಿ ಆಗ್ತತಿ, ಇಸ ಕಡಿಮಿ ಆಗಂಗಿಲ್ಲ. ಹೂ, ಎಲಿ, ಕಡ್ಡಿ ಎಲ್ಲಾ ಇಸಾನ. ನೇರ ಎದಿಗೆ ಹೊಡೀತತಿ."

ಮೂಗಿನಿಂದ ನಳಿಕೆ ಇಳಿಸಿ ಇದ್ದಿಲ ಪುಡಿ ಕಲಸಿದ ನೀರನ್ನು ಹೊಟ್ಟೆಗೆ ಬಿಟ್ಟರು. ಇಂಜೆಕ್ಷನ್ ಕೊಟ್ಟರು. ಆಮೇಲೆ ನನ್ನ ಕೈ ಹಿಡಿದು ಹೋರಿಯ ಎಡ ಮುಂಗಾಲಿನ ಹಿಂದೆ ಇಟ್ಟರು. ಎದೆ ಬಡಿಯುತ್ತಿತ್ತು, ಎರಡು ಬಡಿದು ಒಂದನ್ನು ನುಂಗುತ್ತಿತ್ತು.

"ಓಡಸೂದು ದೂರ ಉಳೀತು. ಇವತ್ತು ಒಂದು ಪಟಾಕಿ ಸಪ್ಪಳಕ್ಕ ಇದು ಬೆದರಿ ಜಿಗದ್ರೂ ಎದಿ ನಿಲ್ಲಬಹುದ್ರಿ. ನಾಳೆ ಮುಂಜಾನಿಗೆ ಬರ್ತೇನಿ. ಅಲ್ಲೀ ಮಟ ಸುಮ್ಮನ ಇರಬೇಕು."

ದೀಪಾವಳಿ ಪಾಡ್ಯ. ಕರ್ಜಗಿ. ಸುಮ್ಮನಿರಬೇಕಂತೆ.

ನಾನು ಯಾರ ಮನೆಗೂ ಹೋಗಿ ಏನನ್ನೂ ಬೇಡಿದವನಲ್ಲ. ಅವತ್ತು ಓಣಿಯ ಒಂದೊಂದೇ ಬಾಗಿಲಿಗೆ ಹೋಗಿ ಇವತ್ತು ಪಟಾಕಿ ಹಚ್ಚಬೇಡಿ ಎಂದು ಕೈಮುಗಿದೆ. ಎಲ್ಲರೂ ಒಪ್ಪಿದರು. ಕೊನೆಗೆ ಉಳಿದದ್ದು ತುದಿಮನೆಯ ಕಿರಾಣಿ ಅಂಗಡಿಯವನು. ಒಂದೇ ಶಾಲೆಯಲ್ಲಿ ಕೂತು ಎದ್ದವರು ನಾವು. ಅವನಿಗೂ ಒಂದು ಹೋರಿ ಇದೆ. ಪ್ರತಿ ವರ್ಷ ಯಾರಾದರೊಬ್ಬರು ಹಿಡಿಯುತ್ತಾರೆ. ಅದರ ಮೆರವಣಿಗೆ ನನ್ನ ಮನೆಯ ಮುಂದೆಯೇ ಹಾಯಬೇಕು, ಬುಟ್ಟಿ ತುಂಬ ಸರಪಟಾಕಿ ತಯಾರಿತ್ತು.

"ಏನೋ ಗೌಂಡಿ, ದಾರಿ ತಪ್ಪಿ ಬಂದೀಯೇನು?"

"ದಾರಿ ತಪ್ಪಿಲ್ಲ. ಬುದ್ಧಿ ತಪ್ಪೇತಿ," ಎಂದು ನಡೆದದ್ದನ್ನೆಲ್ಲ ಹೇಳಿದೆ.

ಅವನು ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. "ಸಿಡಿಲಿಗೂ ಬೆದರಂಗಿಲ್ಲ ಅಂತ ಬ್ಯಾನರ್ ಕಟ್ಸೀದಿ. ಈಗ ಪಟಾಕಿಗೆ ಬೆದರ್ತತಿ ಅಂತೀಯಲ್ಲೋ!"

"ಅನ್ನು. ಎಷ್ಟರ ಅನ್ನು. ಖರೇ ಹೇಳ್ತೇನಿ, ಅದು ಬದುಕಿದ್ರ ಸಾಕಾಗೇತಿ ನನಗ." ಮತ್ತೆ ಕೈಮುಗಿದೆ.

ಅವನ ನಗೆ ನಿಂತಿತು. "ಕೈ ಇಳಸೋ ಮಾರಾಯಾ. ನೀ ಕೈ ಮುಗದ್ರ ನೋಡಾಕ ಆಗೂದಿಲ್ಲ."

ಅವನು ತನ್ನ ಹೋರಿಯನ್ನು ಕೆರೆಯ ಕಡೆಯಿಂದ ಸುತ್ತು ಹಾಕಿಸಿ ಒಯ್ದ. ದೂರದಲ್ಲಿ ಹಲಗೆಯ ಸದ್ದು, ಸಿಳ್ಳೆ, ಕೂಗು. ನಮ್ಮ ಓಣಿಯಲ್ಲಿ ಮಾತ್ರ ಮಕ್ಕಳೂ ಬೆಕ್ಕಿನ ಹೆಜ್ಜೆ ಹಾಕಿದವು. ನಾನು ಹೋರಿಯ ಪಕ್ಕೆಗೆ ಕೈಯಿಟ್ಟು ಕೂತೇ ಇದ್ದೆ. ತೂಗುಗುಂಡು ಬಿಟ್ಟಾಗ ಅದರ ಅಲುಗಾಟ ನಿಲ್ಲಲೆಂದು ಉಸಿರು ಬಿಗಿಹಿಡಿಯುತ್ತೇವೆ. ಇಲ್ಲಿ ಅಲುಗಾಟ ನಿಲ್ಲಬಾರದೆಂದು ಬಿಗಿಹಿಡಿದಿದ್ದೆ. ಹೆಂಡತಿ ಚಹಾ ತಂದಿಟ್ಟಳು, ತಣ್ಣಗಾದದ್ದನ್ನು ಒಯ್ದಳು, ಮತ್ತೆ ಬಿಸಿಯದು ತಂದಿಟ್ಟಳು. ಮಾತು ಮಾತ್ರ ತರಲಿಲ್ಲ.

ಮರುದಿನ ಬೆಳಿಗ್ಗೆ ಹೋರಿ ಗೋದಲಿಗೆ ಮೂತಿ ಹಾಕಿ ಒಂದು ಜೋಳದ ದಂಟು ಎಳೆಯಿತು. ಡಾಕ್ಟರ್ ಬಂದು ಕಿವಿಗೊಟ್ಟು ಕೇಳಿ, "ಎದಿ ಹಾದಿಗೆ ಬಂತ್ರಿ. ಬದುಕ್ತು. ಆದ್ರ ಈ ಹಂಗಾಮು ಓಡಸಬ್ಯಾಡ್ರಿ," ಎಂದರು.

"ಬದುಕ್ತಲ್ರೀ ಖರೇನ?" ಎಂದು ಹೆಂಡತಿ ಕೇಳಿದಳು.

"ಖರೇನ್ರಿ ಅವ್ವಾ."

ಅವಳು ಸೆರಗು ಸೊಂಟಕ್ಕೆ ಸಿಗಿಸಿದಳು. "ಹಂಗಾರ ಈಗ ಹೇಳ್ತೇನಿ ಕೇಳ್ರಿ," ಎಂದು ನನ್ನ ಕಡೆ ತಿರುಗಿದಳು. ಒಂದು ಹಗಲು, ಒಂದು ರಾತ್ರಿ ತಡೆಹಿಡಿದದ್ದೆಲ್ಲ ಕಟ್ಟೆ ಒಡೆದು ಬಂತು. ಅವಳ ಅವ್ವ ಹೇಳಿದ್ದು, ತಾನು ಹೇಳಿದ್ದು, ನಾನು ಯಾರ ಮಾತೂ ಕೇಳದ್ದು, ಮದುವೆಯ ವರ್ಷ ನಾನು ತಪ್ಪಿ ಹತ್ತಿದ ಒಂದು ಬಸ್ಸು ಕೂಡ. ಡಾಕ್ಟರ್ ಮೆಲ್ಲಗೆ ಪಡಸಾಲೆಯ ಕಡೆ ಜಾರಿ, ಅಲ್ಲಿದ್ದ ಕುಂಡದ ಮುಂದೆ ನಿಂತರು. ಅಗಲ ಎಲೆ, ಅದರ ಮೇಲೆ ಬಿಳಿ ಚುಕ್ಕೆ.

"ಈ ಶೋ ಗಿಡ ಯಾರು ತಂದಾರ್ರಿ?"

ಹೆಂಡತಿಯ ಮಾತು ನಡುವೆಯೇ ನಿಂತಿತು. "ನಾನ್ರಿ. ಹಾವೇರಿ ನರ್ಸರಿಯಾಗ. ಯಾಕ್ರಿ?"

"ಸಣ್ಣ ಮಕ್ಕಳ ಕೈಗೆ ಸಿಗದಂಗ ಇಡ್ರಿ. ಇದರ ಎಲಿ ಕಚ್ಚಿದ್ರ ಬಾಯಿ ಉರದು ನಾಲಗಿ ಬಾತು, ಮಾತ ಬಂದಾಗಿ ಬಿಡ್ತತಿ."

ನಾನು ಆ ಗಿಡವನ್ನು ನೋಡಿದೆ, ಹೆಂಡತಿಯನ್ನು ನೋಡಿದೆ. "ಇದರ ಬಗ್ಗೆ ನಿಮ್ಮವ್ವ ಏನರ ಹೇಳಿದ್ಲೇನು?" ಎಂದು ಕೇಳಿದೆ. ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಳು.

ಅವತ್ತೇ ಕೈಗೆ ಗವಸು ಹಾಕಿ ಕಣಗಲವನ್ನೆಲ್ಲ ಬೇರುಸಮೇತ ಕಿತ್ತೆ. ಸುಡಬಾರದು, ಹೊಗೆಯೂ ಕೆಟ್ಟದ್ದು. ತಿಪ್ಪೆಗೆ ಹಾಕಬಾರದು, ಬಾಡಿದ್ದನ್ನು ಬೇರೆ ದನ ತಿಂದಾವು ಎಂದಿದ್ದರು ಡಾಕ್ಟರ್. ಮನೆಯ ಪಾಯದಷ್ಟು ಆಳ ಗುಂಡಿ ತೆಗೆದು ಹೂತೆ. ಕುಂಡದ ಗಿಡವೂ ಅದೇ ಗುಂಡಿಗೆ ಹೋಯಿತು; ಹೆಂಡತಿಯೇ ತಂದು ಹಾಕಿದಳು. ಖಾಲಿಯಾದ ಜಾಗದಲ್ಲಿ ಮತ್ತೆ ದಾಸವಾಳ ಹಚ್ಚಿದಳು. ನಾಲ್ಕೇ ದಿನಕ್ಕೆ ಆಡುಗಳು ಬಂದು ತಲೆ ಚಿವುಟಿದವು. ಕಲ್ಲು ಎತ್ತಿಕೊಂಡಿದ್ದವನು ಯಾಕೋ ಕೆಳಗಿಟ್ಟೆ.

ಆ ವಾರ ಕಿರಾಣಿಯವನು ಹೋರಿ ನೋಡಲು ಬಂದ. ಬೆನ್ನು ಸವರಿದ, ಹಲ್ಲು ನೋಡಿದ, ಬೆಲ್ಲದ ಅಚ್ಚೊಂದು ತಿನ್ನಿಸಿದ. ಹೊರಡುವಾಗ ಬಾಗಿಲಲ್ಲಿ ನಿಂತು, "ಏನ ಅನ್ನು ಗೌಂಡಿ, ಈ ವರ್ಷಾನೂ ನಿನ್ನ ಹೋರಿನ್ನ ಯಾರೂ ಹಿಡೀಲಿಲ್ಲ ಬಿಡು," ಎಂದ.

ಅವನ ಕೈ ಹಿಡಿದು ಮತ್ತೆ ಕೂರಿಸಿದೆ. ಒಳಗೆ ಕೂಗಿ ಎರಡು ಚಹಾ ಹೇಳಿದೆ.