ಚೈನ್ ಗೈಡಿಗೆ ಕಟ್ಟಿದ ದಾರ

2006ರಲ್ಲಿ ನಾನು ಮೈಸೂರಿನ ಒಂದು ಸೈಕ್ಲಿಂಗ್ ಕ್ಲಬ್ಬಿನ ಮೆಕ್ಯಾನಿಕ್ ಆಗಿದ್ದೆ. ವರ್ಕ್‌ಶಾಪು ಮೇಟಗಳ್ಳಿಯಲ್ಲಿತ್ತು. ಬೆಟ್ಟದ ಹಿಂಬದಿಯ ಕಲ್ಲುದಾರಿಯಲ್ಲಿ ಮೌಂಟನ್ ಬೈಕ್ ಇಳಿಸುವವರ ಗಾಡಿಗಳನ್ನು ಸಜ್ಜು ಮಾಡುವುದು ನನ್ನ ಕೆಲಸ. ಸವಾರ ಗೆದ್ದರೆ ಮೆಕ್ಯಾನಿಕ್‌ನನ್ನು ಯಾರೂ ಕೇಳುವುದಿಲ್ಲ, ಬಿದ್ದರೆ ಎಲ್ಲರೂ ಅವನ ಮುಖವನ್ನೇ ನೋಡುತ್ತಾರೆ.

ನಮ್ಮಲ್ಲಿ ಎಲ್ಲರಿಗಿಂತ ಚುರುಕಾಗಿದ್ದವನು ಮಹೇಶ. ಅಲ್ಲೇ ಹತ್ತಿರದ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದ. ಅವನ ತಂದೆ ನಂಜಪ್ಪನವರಿಗೆ ಬೋಗಾದಿಯಲ್ಲಿ ದಿನಸಿ ಅಂಗಡಿ. ಹೆಂಡತಿ ತೀರಿಕೊಂಡ ಮೇಲೆ ತಾವೇ ಅಡುಗೆ ಮಾಡಿ, ಬಡಿಸಿ ಮಗನನ್ನು ಸಾಕಿದವರು.

ಮಹೇಶನ ಬೈಕಿಗೆ ಒಂದೇ ಚೈನ್‌ರಿಂಗ್, ಅಂದರೆ ಪೆಡಲಿನ ಬಳಿ ಒಂದೇ ಹಲ್ಲುಚಕ್ರ. ಗಾಡಿ ಹಗುರವಾಗುತ್ತದೆ, ನಿಜ. ಆದರೆ ಕಲ್ಲಿನ ಮೇಲೆ ಕುಣಿದಾಗ ಚೈನ್ ಹಲ್ಲು ಬಿಟ್ಟು ಹಾರುತ್ತದೆ. ಹಾಗೆ ಹಾರದಂತೆ ಕಾಯುವುದೇ ಚೈನ್ ಗೈಡ್: ಮೇಲೊಂದು ತಡೆ, ಕೆಳಗೊಂದು ತಿರುಗುವ ಪುಟ್ಟ ರೋಲರ್. ಆ ರೋಲರ್ ನಿಂತರೆ ಕಾಯುವ ಸಾಧನವೇ ಚೈನನ್ನು ಹೊರಗೆ ತಳ್ಳುತ್ತದೆ.

ಆ ವರ್ಷ ಆಯುಧಪೂಜೆಗೆ ಎಲ್ಲರೂ ಬೈಕುಗಳನ್ನು ಮನೆಗೆ ಒಯ್ದು ಪೂಜೆ ಮಾಡಿಸಿಕೊಂಡು ಬಂದರು. ಮರುದಿನ ವಿಜಯದಶಮಿ, ಒಳ್ಳೆಯ ದಿನವೆಂದು ಬೆಳಿಗ್ಗೆಯೇ ಅಭ್ಯಾಸಕ್ಕಿಳಿದೆವು. ಒಂದು ತಿರುವಿನಲ್ಲಿ ಮಹೇಶ ಎದ್ದು ನಿಂತು ಪೆಡಲ್ ಒತ್ತಿದ. ಚೈನ್ ಕಳಚಿತ್ತು. ಕಾಲು ಗಾಳಿಯಲ್ಲಿ ಹೋಯಿತು. ಬಂಡೆಗೆ ಅಪ್ಪಳಿಸಿದ ಅವನ ಬಲಮಂಡಿ ಪುಡಿಯಾಯಿತು.

ಅವನನ್ನು ಆಸ್ಪತ್ರೆಗೆ ಸೇರಿಸಿ ಬಂದು ಗೈಡ್ ಬಿಚ್ಚಿದೆ. ರೋಲರ್‌ಗೆ ಹಳದಿ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಮಠದಿಂದ ತಂದ ಮಂತ್ರಿಸಿದ ದಾರ.

ಆಸ್ಪತ್ರೆಗೆ ಹೋಗಿ ಮಹೇಶನಿಗೆ ಹೇಳಿದೆ.

"ಹ್ಯಾಂಡಲ್‌ಗೆ ಕಟ್ಟಿದ್ರೆ ನಾನು ಕಿತ್ತಾಕ್ತಿದ್ದೆ ಮೂರ್ತಿ ಸಾರ್. ಅದಕ್ಕೇ ಅಪ್ಪ ಕಾಣದ ಜಾಗದಲ್ಲಿ ಕಟ್ಟವ್ರೆ. ಅಪ್ಪಂಗೆ ಹೇಳ್ಬೇಡಿ. ಎದೆ ಒಡ್ಕೊಂಡು ಸತ್ತೋಯ್ತಾರೆ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಚೈನ್ ಕಳಚಿತು ಎಂದಷ್ಟೇ ಎಲ್ಲರಿಗೂ ತಿಳಿಯಿತು. ಮಹೇಶನ ಮಂಡಿ ಮತ್ತೆ ಮಡಚಲಿಲ್ಲ, ಅವನು ಮತ್ತೆ ಸೈಕಲ್ ಹತ್ತಲಿಲ್ಲ. ನನಗಂತೂ ನೋಡಿದ ಗೈಡನ್ನೇ ಮತ್ತೆ ಮತ್ತೆ ಬಗ್ಗಿ ನೋಡುವ ಚಟ ಅಂಟಿಕೊಂಡಿತು.

ಮುಂದಿನ ವರ್ಷ ಪೂಜೆಯನ್ನು ವರ್ಕ್‌ಶಾಪಿನಲ್ಲೇ ಇಟ್ಟುಕೊಂಡೆವು. ಬೂದುಗುಂಬಳ ಒಡೆಯುವ ಹೊತ್ತಿಗೆ ನಂಜಪ್ಪನವರು ಬಂದರು. ಕೈಯಲ್ಲಿ ಹಳದಿ ದಾರದ ಕಟ್ಟು.

"ಆ ಬಂಡೆ ಮೇಲೆ ಬಿದ್ರೂ ನನ್ನ ಮಗನ ಜೀವ ಉಳೀತಲ್ಲ ಮೂರ್ತಿಯೋರೇ, ಈ ದಾರ ಕಣ್ರೀ ಕಾಪಾಡಿದ್ದು. ಇವ್ರೂ ನನ್ನ ಮಕ್ಕಳೇ. ಎಲ್ಲರ ಗಾಡಿಗೂ ಕಟ್ಬುಡ್ತೀನಿ."

ಮೊದಲ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಕೈ ನೇರವಾಗಿ ಗೈಡಿನ ಕೆಳಭಾಗಕ್ಕೆ ಹೋಯಿತು. ಅವರು ಹೋದ ಮೇಲೆ ಬಿಚ್ಚಿದರಾಯಿತು ಎಂದುಕೊಂಡೆ. ಆದರೆ ಬೇರೆ ಯಾರ ಮನೆಯಲ್ಲಿ, ಯಾವ ಗಾಡಿಗೆ ಕಟ್ಟುತ್ತಾರೋ? ಮಾತು ಉಳಿಸಿಕೊಳ್ಳಲು ಹೋಗಿ ಇನ್ನೊಬ್ಬನ ಕಾಲು ಕಳೆಯಲು ನನ್ನಿಂದಾಗಲಿಲ್ಲ.

"ಅಲ್ಲಿ ಬೇಡ ಯಜಮಾನ್ರೇ. ಹ್ಯಾಂಡಲ್‌ಗೆ ಕಟ್ಟಿ. ಅಲ್ಲಿ ಕಟ್ಟಿದ್ರೆ ರೋಲರ್‌ಗೆ ಸುತ್ಕೊಳ್ಳುತ್ತೆ, ಚೈನ್ ಕಳಚುತ್ತೆ."

ಅವರ ಬೆರಳುಗಳು ನಿಂತವು. ತಲೆಯೆತ್ತಿ ನನ್ನನ್ನು ನೋಡಿದರು.

"ಅವತ್ತೂ ಅಂಗೇ ಆಯ್ತಾ?"

ಹೂಂ ಎಂದೆ.

"ಮಹೇಶಂಗೆ ಗೊತ್ತಾ?"

ಗೊತ್ತೆಂದು ತಲೆಯಾಡಿಸಿದೆ. ಅವರು ಏಳಲು ಹೋಗಿ ಮತ್ತೆ ನೆಲಕ್ಕೆ ಕೂತುಬಿಟ್ಟರು.

"ಒಂದು ವರ್ಷದಿಂದ ನಾನು ಬಡಿಸಿದ್ದನ್ನ ಉಣ್ತಾವನೆ. ಒಂದು ಮಾತೂ ಅನ್ಲಿಲ್ಲವಲ್ಲ..."

ದೋಷದ ಕಾರಣ ತಿಳಿದವನು ಅದನ್ನು ಹೇಳಲೇಬೇಕು, ಇಲ್ಲದಿದ್ದರೆ ಅದೇ ತಿರುವಿನಲ್ಲಿ ಇನ್ನೊಬ್ಬ ಬೀಳುತ್ತಾನೆ. ಕೆಲಸ ನನಗೆ ಕಲಿಸಿದ್ದು ಇದನ್ನೇ, ಅದು ತಪ್ಪೆಂದು ಇವತ್ತಿಗೂ ಹೇಳಲಾರೆ. ಆದರೆ ಅಂದು ಆ ಮನೆಯಲ್ಲಿ ಅಪ್ಪ ಮಗ ಊಟಕ್ಕೆ ಹೇಗೆ ಕೂತರೋ, ಯಾರು ಮೊದಲು ಮುಖ ಎತ್ತಿದರೋ! ನಾನು ಊಟಕ್ಕೆ ಕೂತಾಗಲೆಲ್ಲ ಈಗಲೂ ಅದೇ ನೆನಪಾಗುತ್ತದೆ.